ಉಪ್ಪುನೀರಿನ ಟ್ಯಾಂಕು ಕೈಕೊಟ್ಟಾಗ

2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ಮೇಲೆ ಎರಗಿದಾಗ ಅಲ್ಲಿನ ಆಡುಬಾನ್ ಅಕ್ವೇರಿಯಂ ಕಟ್ಟಡಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಗಾಳಿಮಳೆಯನ್ನು ಮೀನುಗಳು ದಾಟಿದ್ದವು. ಆಮೇಲೆ ಕರೆಂಟಿಲ್ಲದೆ ದಿನಗಳು ಕಳೆದು, ಜನರೇಟರೂ ಕೈಕೊಟ್ಟು, ನೀರಿಗೆ ಗಾಳಿ ಸೇರುವುದು ನಿಂತಿತು. ಸುಮಾರು ಹತ್ತು ಸಾವಿರ ಮೀನುಗಳಲ್ಲಿ ಬಹುಪಾಲು ಸತ್ತದ್ದು ಆಗ. ಅಕ್ವೇರಿಯಂ ಮತ್ತೆ ಬಾಗಿಲು ತೆರೆದದ್ದು 2006ರ ಮೇ ತಿಂಗಳಲ್ಲಿ.

ಮನೆಯ ಹಾಲಿನಲ್ಲಿರುವ ಇನ್ನೂರು ಲೀಟರಿನ ಮರೀನ್ ಟ್ಯಾಂಕಿಗೂ ಇದೇ ಲೆಕ್ಕ. ಅವಘಡ ಒಂದು ಗಳಿಗೆಯದು. ಸಾವು ಬರುವುದು ಅದರ ಬೆನ್ನಿಗಿರುವ ಗಂಟೆಗಳಲ್ಲಿ, ದಿನಗಳಲ್ಲಿ. ಅವುಗಳಲ್ಲಿ ಒಂದಿಷ್ಟು ಸಾವುಗಳನ್ನು ನಾವೇ ತಂದುಕೊಳ್ಳುತ್ತೇವೆ. ಕೆಟ್ಟದ್ದನ್ನೆಲ್ಲ ಒಂದೇ ಸಂಜೆಗೆ ಮೊದಲಿನಂತೆ ಮಾಡಿಬಿಡುವ ಅವಸರದಲ್ಲಿ ಉಪ್ಪು ಸುರಿದು, ಐಸು ಹಾಕಿ, ಫಿಲ್ಟರ್ ತಿಕ್ಕಿ ತೊಳೆದು, ಉಳಿಯಬಹುದಾಗಿದ್ದ ಮೀನನ್ನೂ ಕಳೆದುಕೊಳ್ಳುವವರಿದ್ದಾರೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಯಾವುದಕ್ಕೆ ಓಡಬೇಕು, ಯಾವುದಕ್ಕೆ ಕಾಯಬೇಕು ಎಂಬುದನ್ನು. ಉಸಿರು, ವಿಷ, ಅಮೋನಿಯಾ, ಈ ಮೂರಕ್ಕೆ ಓಡಬೇಕು. ಉಪ್ಪಿನಂಶ, ಉಷ್ಣತೆ, ಕ್ಷಾರತೆ ಇವು ಏರುಪೇರಾಗಿದ್ದರೆ ಕಾರಣವನ್ನು ತಕ್ಷಣ ನಿಲ್ಲಿಸಿ, ಪರಿಣಾಮವನ್ನು ನಿಧಾನವಾಗಿ ಸರಿಪಡಿಸಬೇಕು.

ಇವೆಲ್ಲಕ್ಕೂ ಮೊದಲು ನಿಮ್ಮ ಜೀವ. ನೆಲದ ಮೇಲೆ ನೀರು ಹರಿದಿದ್ದರೆ, ಹೀಟರ್ ಒಡೆದಿದ್ದರೆ, ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆ ಮೇನ್ ಬೋರ್ಡಿನಲ್ಲಿ ಎಂಸಿಬಿ ಇಳಿಸಿ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಒದ್ದೆ ನೆಲದ ಮೇಲೆ ನಿಂತು ಒದ್ದೆ ಪ್ಲಗ್ ಕೀಳುವುದು ಬೇಡ.

ಕರೆಂಟು ಹೋದ ರಾತ್ರಿ

ನಮ್ಮ ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ಅವಘಡ ಇದು. ಪಂಪ್, ಫಿಲ್ಟರ್, ದೀಪ ಎಲ್ಲವೂ ನಿಂತಾಗ ಹೀಟರ್, ಫಿಲ್ಟರ್‌ಗಳ ಚಿಂತೆ ಹತ್ತುವುದು ಸಹಜ. ಅವು ಕೆಲವು ಗಂಟೆ ಕಾಯುತ್ತವೆ. ಆಮ್ಲಜನಕ ಕಾಯುವುದಿಲ್ಲ. ಅದೇ ಉಷ್ಣತೆಯ ಸಿಹಿನೀರಿಗೆ ಹೋಲಿಸಿದರೆ ಸಮುದ್ರದ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು ಐದನೇ ಒಂದು ಪಾಲು ಕಡಿಮೆ; 25 ಡಿಗ್ರಿಯಲ್ಲಿ ಲೀಟರಿಗೆ ಏಳು ಮಿಲಿಗ್ರಾಂಗೂ ಒಳಗೆ. ನೀರು ಬಿಸಿಯಾದಂತೆ ಅದೂ ಇಳಿಯುತ್ತದೆ. ಮೀನಿನ ಜೊತೆಗೆ ಕಲ್ಲಿನ ಮೇಲಿನ ಬ್ಯಾಕ್ಟೀರಿಯಾ, ಹುಳು, ಪಾಚಿ ಎಲ್ಲವೂ ಕತ್ತಲಲ್ಲಿ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಪರಿಸ್ಥಿತಿ ಅತ್ಯಂತ ಬಿಗಡಾಯಿಸಿರುತ್ತದೆ.

ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ತಡಮಾಡಬೇಡಿ. ಬ್ಯಾಟರಿ ಏರ್ ಪಂಪ್ ಇದ್ದರೆ ಹಾಕಿ. ಇಲ್ಲವಾದರೆ ಪ್ಲಾಸ್ಟಿಕ್ ಮಗ್ಗಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು ಒಂದಡಿ ಮೇಲಿನಿಂದ ಸುರಿಯಿರಿ; ಐದು ನಿಮಿಷ ಸುರಿದು, ಸ್ವಲ್ಪ ಬಿಟ್ಟು, ಮತ್ತೆ ಸುರಿಯಿರಿ. ಕೈಗೆ ಸಿಕ್ಕಿತೆಂದು ದೇವರ ಮನೆಯ ತಾಮ್ರದ ಚೊಂಬು ಎತ್ತಿಕೊಳ್ಳಬೇಡಿ. ತಾಮ್ರದ ಅಂಶ ನೀರಿಗೆ ಬಿಟ್ಟರೆ ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಮುಚ್ಚಳ ತೆಗೆದಿಡಿ. ಮೀನಿಗೆ ಆಹಾರ ಹಾಕಬೇಡಿ. ಆರೋಗ್ಯವಾಗಿರುವ ಮೀನು ಎರಡು ಮೂರು ದಿನದ ಉಪವಾಸಕ್ಕೆ ಸಾಯುವುದಿಲ್ಲ, ಆದರೆ ತಿಂದದ್ದನ್ನು ಅರಗಿಸಲು ಅದಕ್ಕೆ ಆಮ್ಲಜನಕ ಬೇಕು.

ಮನೆಯಲ್ಲಿ ಯುಪಿಎಸ್ ಇದ್ದರೆ ಅದಕ್ಕೆ ಏನನ್ನು ಜೋಡಿಸಬೇಕು ಎಂಬುದು ಮುಖ್ಯ. 150 ಎಎಚ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. 300 ವ್ಯಾಟಿನ ಚಿಲ್ಲರ್ ಅದನ್ನು ನಾಲ್ಕೈದು ಗಂಟೆಯಲ್ಲಿ ಹೀರಿಬಿಡುತ್ತದೆ. 20 ವ್ಯಾಟಿನ ವೇವ್‌ಮೇಕರ್ ಮಾತ್ರ ಹಾಕಿದರೆ ಒಂದು ಹಗಲು ಒಂದು ರಾತ್ರಿ ಕಳೆದೂ ಚಾರ್ಜ್ ಉಳಿದಿರುತ್ತದೆ. ವೇವ್‌ಮೇಕರಿನ ಮುಖವನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕದಡುವಂತೆ ಇಡಿ. ಅಷ್ಟು ಸಾಕು.

ಕರೆಂಟು ಬಂದ ಮೇಲೂ ಒಂದು ಅಪಾಯ ಉಳಿದಿರುತ್ತದೆ. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾ ಸತ್ತು, ಕೊಳೆತ ನೀರು ನಿಂತಿರುತ್ತದೆ. ಅದು ತಾನಾಗಿ ಚಾಲೂ ಆದರೆ ಆ ನೀರಷ್ಟೂ ಮೀನಿನ ಮುಖಕ್ಕೆ. ಕರೆಂಟು ಹೋದ ಕೂಡಲೇ ಅದರ ಪ್ಲಗ್ ಕಿತ್ತಿಡಿ. ಬಂದ ಮೇಲೆ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಉಪ್ಪುನೀರಿನಲ್ಲಿ ಅದ್ದಿ ತೆಗೆದು ಮತ್ತೆ ಜೋಡಿಸಿ.

ಸೊಳ್ಳೆಗೆ ಹೊಡೆದದ್ದು ಸೀಗಡಿಗೆ

ಪರದೇಶದ ಕೈಪಿಡಿಗಳಲ್ಲಿ ಈ ವಿಷಯಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ನಮ್ಮ ಮನೆಗಳಲ್ಲಿ ಇದು ದಿನನಿತ್ಯದ ಮಾತು. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಜಿರಲೆ ಸ್ಪ್ರೇ ಇವುಗಳಲ್ಲಿ ಹೆಚ್ಚಿನವು ಪೈರೆತ್ರಾಯ್ಡ್ ಗುಂಪಿನ ರಾಸಾಯನಿಕಗಳು. ಮನುಷ್ಯರ ಮೈ ಇವನ್ನು ಬೇಗ ಒಡೆದು ಹೊರಹಾಕುತ್ತದೆ; ಮೀನಿನ ಮೈಗೆ ಆ ಶಕ್ತಿ ಬಹಳ ಕಡಿಮೆ. ಸೀಗಡಿಯಂತೂ ಸಂಧಿಪದಿ, ಸೊಳ್ಳೆಯ ದೂರದ ನೆಂಟ. ಸೊಳ್ಳೆಯ ನರಗಳನ್ನು ಕೆಡಿಸುವ ಪದಾರ್ಥ ಅದರ ನರಗಳನ್ನೂ ಬಿಡುವುದಿಲ್ಲ. ಟ್ಯಾಂಕಿನ ಏರ್ ಪಂಪ್ ಮತ್ತು ಸ್ಕಿಮ್ಮರ್ ಕೋಣೆಯ ಗಾಳಿಯನ್ನು ಎಳೆದು ನೇರವಾಗಿ ನೀರಿಗೆ ಬೆರೆಸುತ್ತಿರುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ ಅಪಾಯ ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಪೇಂಟು, ವಾರ್ನಿಷ್, ಬೀದಿಯಲ್ಲಿ ಹೊಡೆಯುವ ಫಾಗಿಂಗ್ ಹೊಗೆ, ಅಪಾರ್ಟ್‌ಮೆಂಟಿಗೆ ಬರುವ ಪೆಸ್ಟ್ ಕಂಟ್ರೋಲ್ ತಂಡ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ.

ಮೀನು ಹುಚ್ಚುಹುಚ್ಚಾಗಿ ಗಾಜಿಗೆ ಗುದ್ದಿಕೊಳ್ಳುವುದು, ಸೀಗಡಿ ಬೆನ್ನಡಿಯಾಗಿ ಬಿದ್ದು ಕಾಲು ಬಡಿಯುವುದು ಕಂಡರೆ ವಿಷದ ಅನುಮಾನ ಮಾಡಿ. ಇಲ್ಲಿ ನಿಧಾನ ಸಲ್ಲದು. ಏರ್ ಪಂಪ್ ನಿಲ್ಲಿಸಿ, ಕಿಟಕಿ ತೆರೆದು, ಫ್ಯಾನಿನಿಂದ ಕೋಣೆಯ ಗಾಳಿ ಹೊರಗೆ ಹೋಗುವಂತೆ ಮಾಡಿ. ಕೋಣೆ ತಿಳಿಯಾದ ಮೇಲೆ ಪಂಪ್ ಹಾಕಿ. ಕಲಸಿಟ್ಟ ಉಪ್ಪುನೀರು ಇದ್ದರೆ ಅರ್ಧದಷ್ಟು ನೀರು ಬದಲಿಸಿ. ಹೊಸ ನೀರಿನ ಉಪ್ಪಿನಂಶ ಮತ್ತು ಉಷ್ಣತೆ ಟ್ಯಾಂಕಿನಷ್ಟೇ ಇರಬೇಕು. ಆಕ್ಟಿವೇಟೆಡ್ ಕಾರ್ಬನ್ ಅನ್ನು ಧಾರಾಳವಾಗಿ ಹಾಕಿ, ಮರುದಿನ ತೆಗೆದೆಸೆದು ಹೊಸದು ಹಾಕಿ. ಕಾರ್ಬನ್ ಹೀರಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ನೀರು ಸಾಕಷ್ಟಿಲ್ಲದಿದ್ದರೆ ಇರುವಷ್ಟರಲ್ಲಿ ಒಂದು ಬಕೆಟ್ ತುಂಬಿಸಿ, ಏರ್ ಸ್ಟೋನ್ ಬಿಟ್ಟು, ಮೀನುಗಳನ್ನು ಅದಕ್ಕೆ ವರ್ಗಾಯಿಸಿ.

ಅವಸರದಲ್ಲಿ ನಲ್ಲಿ ನೀರೇ ಟ್ಯಾಂಕಿಗೆ ಬಿದ್ದಿದ್ದರೆ ವೈರಿ ಕ್ಲೋರಿನ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಅದನ್ನು ನಿಮಿಷಗಳಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಅದೇ ಅವಸರದಲ್ಲಿ ಹೈಪೋವನ್ನು ಮುಷ್ಟಿಗಟ್ಟಲೆ ಸುರಿಯುವವರೂ ಇದ್ದಾರೆ. ಪ್ಯಾಕೆಟ್ ಮೇಲೆ ಬರೆದಷ್ಟು ಸಾಕು.

ಉಪ್ಪು ಇಳಿದಾಗ

ಟ್ಯಾಂಕಿನಿಂದ ನೀರು ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತಾನಾಗಿ ತುಂಬುವ ಆಟೋ ಟಾಪ್-ಆಫ್ ಬಹಳ ಅನುಕೂಲದ ಸಾಧನ, ಅದರ ಫ್ಲೋಟ್ ಒಂದು ಬಸವನಹುಳು ಕೂತು ಸಿಕ್ಕಿಹಾಕಿಕೊಳ್ಳುವವರೆಗೆ. 200 ಲೀಟರಿನ ಟ್ಯಾಂಕಿಗೆ ರಾತ್ರೋರಾತ್ರಿ 40 ಲೀಟರ್ ಸಿಹಿನೀರು ಸುರಿದರೆ 35 ಪಿಪಿಟಿ ಇದ್ದ ಉಪ್ಪಿನಂಶ ಸುಮಾರು 29ಕ್ಕೆ ಇಳಿಯುತ್ತದೆ. (ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪು ಇದ್ದರೆ 35 ಪಿಪಿಟಿ, ಸಾಂದ್ರತೆಯ ಲೆಕ್ಕದಲ್ಲಿ ಹೇಳುವವರಿಗೆ ಅದು 1.026.)

ಮೊದಲು ಅಳತೆಯನ್ನೇ ಪರೀಕ್ಷಿಸಿ. ತೂಗಾಡುವ ಮುಳ್ಳಿನ ಹೈಡ್ರೋಮೀಟರಿನಲ್ಲಿ ಒಂದು ಗಾಳಿಗುಳ್ಳೆ ಅಂಟಿದ್ದರೂ ಅಂಕಿ ತಪ್ಪುತ್ತದೆ. ರಿಫ್ರ್ಯಾಕ್ಟೋಮೀಟರ್ ಇದ್ದರೆ 35 ಪಿಪಿಟಿಯ ಕ್ಯಾಲಿಬ್ರೇಶನ್ ದ್ರಾವಣದಲ್ಲಿ ಸರಿಹೊಂದಿಸಿ ನೋಡಿ. ಇಲ್ಲದ ಅನಾಹುತಕ್ಕೆ ಮದ್ದು ಮಾಡಿ ನಿಜವಾದ ಅನಾಹುತ ತಂದುಕೊಳ್ಳುವುದು ಹೀಗೆಯೇ.

ಅಂಕಿ ನಿಜವೇ ಆಗಿದ್ದರೆ ಟಾಪ್-ಆಫ್ ಪ್ಲಗ್ ಕಿತ್ತು, ಕೂತು ಯೋಚಿಸಿ. ಸಮುದ್ರದ ಮೀನು ಉಪ್ಪು ಇಳಿದದ್ದನ್ನು ತಾಳಿಕೊಳ್ಳುವಷ್ಟು ಸುಲಭವಾಗಿ ಏರಿದ್ದನ್ನು ತಾಳುವುದಿಲ್ಲ. ಸುತ್ತಲಿನ ನೀರು ತನ್ನ ಮೈಯೊಳಗಿನ ದ್ರವಕ್ಕಿಂತ ಉಪ್ಪಾಗಿರುವುದರಿಂದ ಅದರ ದೇಹ ಸದಾ ನೀರು ಕಳೆದುಕೊಳ್ಳುತ್ತಿರುತ್ತದೆ. ಹಠಾತ್ತನೆ ಉಪ್ಪು ಏರಿಸುವುದೆಂದರೆ ಅದನ್ನು ಒಣಗಿಸಿದಂತೆ. ಬಿಳಿ ಚುಕ್ಕೆ ರೋಗಕ್ಕೆ ಬೇರೆ ಟ್ಯಾಂಕಿನಲ್ಲಿ ಉಪ್ಪನ್ನು ಬೇಕೆಂದೇ 1.009ಕ್ಕೆ ಇಳಿಸಿ ವಾರಗಟ್ಟಲೆ ಇಡುವ ಚಿಕಿತ್ಸೆಯೇ ಉಂಟು. ಆದ್ದರಿಂದ 29ರಲ್ಲಿರುವ ಮೀನು ಇಂದು ರಾತ್ರಿಯೇ ಸಾಯುವುದಿಲ್ಲ.

ಮೀನು ಮಾತ್ರ ಇರುವ ಟ್ಯಾಂಕಿಗೆ ಸುಲಭದ ದಾರಿ ಇದೆ. ಪ್ರತಿದಿನ ಆವಿಯಾದಷ್ಟು ನೀರಿನ ಜಾಗಕ್ಕೆ ಸಿಹಿನೀರಿನ ಬದಲು ಉಪ್ಪುನೀರು ತುಂಬಿ. ದಿನಕ್ಕೆ ಮೂರು ಲೀಟರ್ ಆವಿಯಾಗುವ 200 ಲೀಟರಿನ ಟ್ಯಾಂಕಿಗೆ 35 ಪಿಪಿಟಿಯ ನೀರು ಹಾಕುತ್ತ ಹೋದರೆ ದಿನಕ್ಕೆ ಸುಮಾರು ಅರ್ಧ ಪಿಪಿಟಿ ಏರಿ, ಹನ್ನೆರಡು ದಿನಗಳಲ್ಲಿ ಟ್ಯಾಂಕು ಹಳೆಯ ಸ್ಥಿತಿಗೆ ಬರುತ್ತದೆ. ನಕ್ಷತ್ರಮೀನು, ಹವಳಗಳಿದ್ದರೆ ಇಷ್ಟು ನಿಧಾನ ಬೇಡ. ಅವುಗಳ ಮೈದ್ರವದ ಉಪ್ಪು ಹೊರಗಿನ ನೀರಿನ ಉಪ್ಪಿನೊಡನೆಯೇ ಏರಿಳಿಯುವುದರಿಂದ ಇಳಿದ ಉಪ್ಪಿನಲ್ಲಿ ಬಹಳ ದಿನ ಬಿಟ್ಟರೆ ಸೊರಗುತ್ತವೆ. ಅಲ್ಲಿ ತುಸು ಹೆಚ್ಚು ಉಪ್ಪಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತ ದಿನಕ್ಕೆ ಒಂದರಿಂದ ಎರಡು ಪಿಪಿಟಿ ಏರಿಸಬಹುದು. ಒಣ ಉಪ್ಪನ್ನು ಮಾತ್ರ ಯಾವ ಕಾರಣಕ್ಕೂ ನೇರ ಟ್ಯಾಂಕಿಗೆ ಸುರಿಯಬೇಡಿ. ಕರಗದ ಹರಳು ಬಿದ್ದ ಕಡೆ ಹವಳವನ್ನೂ ಮೀನಿನ ಕಿವಿರನ್ನೂ ಸುಡುತ್ತದೆ. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್; ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರತೆ ಸಿಗುವುದಿಲ್ಲ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕಡಲಿನಿಂದಲೇ ಕ್ಯಾನಿನಲ್ಲಿ ನೀರು ತರುವುದುಂಟು. ಮಳೆಗಾಲದಲ್ಲಿ ನೇತ್ರಾವತಿ, ಕಾಳಿಯಂಥ ನದಿಗಳು ಸೇರುವ ಕಡೆಯ ನೀರು ಬಹಳ ಸಪ್ಪೆಯಾಗಿರುತ್ತದೆ, ಮಣ್ಣು ಮತ್ತು ಗದ್ದೆಯ ರಾಸಾಯನಿಕಗಳನ್ನೂ ಹೊತ್ತಿರುತ್ತದೆ. ಆ ತಿಂಗಳುಗಳಲ್ಲಿ ಪ್ಯಾಕೆಟ್ ಉಪ್ಪು ಕಲಸಿದ ನೀರೇ ಕ್ಷೇಮ.

ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡು ನೀರು 33 ಡಿಗ್ರಿ ಮುಟ್ಟಿದರೂ ಇದೇ ನೀತಿ. ಪ್ಲಗ್ ತೆಗೆದು, ಗಾಳಿ ಹೆಚ್ಚಿಸಿ, ನೀರಿನ ಮೇಲೆ ಟೇಬಲ್ ಫ್ಯಾನ್ ತಿರುಗಿಸಿ. ಗಂಟೆಗೆ ಒಂದು ಡಿಗ್ರಿಯಷ್ಟು ಇಳಿದರೆ ಸಾಕು. ಬೆಂಗಳೂರಿನ ಒಣ ಮಾರ್ಚಿನಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯ ಸೆಕೆಯಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಷ್ಟು ಫಲ ಸಿಗದು, ಮುಚ್ಚಳ ಬಿಗಿದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಬೇಕಾಗುತ್ತದೆ. ಡೋಸಿಂಗ್ ಪಂಪ್ ಹುಚ್ಚೆದ್ದು ಕ್ಷಾರತೆ ಏರಿ ನೀರು ಹಾಲಿನಂತಾಗಿದ್ದರೆ ಪಂಪ್ ನಿಲ್ಲಿಸಿ ಸುಮ್ಮನಿರಿ. ಅದು ತಾನೇ ಇಳಿಯುತ್ತದೆ.

ಹೆಣ ಹುಡುಕಿ, ಅಮೋನಿಯಾ ಅಳೆಯಿರಿ

ಅವಘಡ ಯಾವುದೇ ಇರಲಿ, ಎರಡನೇ ಪೆಟ್ಟು ಅಮೋನಿಯಾದ್ದು. ಸತ್ತ ಮೀನು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿರುತ್ತದೆ. ವೇವ್‌ಮೇಕರಿಗೆ ಸಿಕ್ಕಿ ಚೂರಾದ ಅನಿಮೋನ್ ಇಡೀ ಟ್ಯಾಂಕನ್ನು ಒಂದೇ ದಿನದಲ್ಲಿ ಕೆಡಿಸಬಲ್ಲದು. ಮೀನುಗಳನ್ನು ಎಣಿಸಿ. ಲೆಕ್ಕಕ್ಕೆ ಸಿಗದ್ದನ್ನು ಟಾರ್ಚ್ ಹಿಡಿದು ಹುಡುಕಿ, ಕಲ್ಲು ಎತ್ತಬೇಕಾದರೂ ಸರಿ, ಹೊರಗೆ ತೆಗೆಯಿರಿ.

ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದ್ದವರು ಇಲ್ಲಿ ಮೋಸ ಹೋಗುತ್ತಾರೆ. ಅಮೋನಿಯಾದ ವಿಷಕಾರಿ ರೂಪದ ಪಾಲು ಪಿಎಚ್ ಒಂದಂಕಿ ಏರಿದರೆ ಸುಮಾರು ಹತ್ತು ಪಟ್ಟಾಗುತ್ತದೆ. ಮರೀನ್ ಟ್ಯಾಂಕಿನ ಪಿಎಚ್ 8.1ರಿಂದ 8.4ರ ನಡುವೆ ಇರುವುದರಿಂದ ಅಲ್ಲಿ ಸಹಿಸಿದ ಅಂಕಿ ಇಲ್ಲಿ ಕೊಲ್ಲುತ್ತದೆ. ನೈಟ್ರೈಟ್ ವಿಷಯದಲ್ಲಿ ಇದು ತಿರುಗುಮುರುಗು: ಸಮುದ್ರದ ನೀರಿನಲ್ಲಿ ತುಂಬಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗಗೊಡುವುದಿಲ್ಲ. ಕಿಟ್ಟಿನಲ್ಲಿ ನೈಟ್ರೈಟ್ ಬಣ್ಣ ಗಾಢವಾಗಿ ಕಂಡರೆ ಅದಕ್ಕಾಗಿ ನಿದ್ದೆ ಕೆಡಬೇಕಿಲ್ಲ.

ಅಮೋನಿಯಾ 2 ಪಿಪಿಎಂ ಇದ್ದಾಗ ನೂರಕ್ಕೆ ಹತ್ತು ಪಾಲು ನೀರು ಬದಲಿಸಿದರೆ ಉಳಿಯುವುದು 1.8. ಮನಸ್ಸಿಗೆ ಸಮಾಧಾನ, ಮೀನಿಗೇನೂ ಇಲ್ಲ. ಅರ್ಧ ಬದಲಿಸಿ, ಅಷ್ಟು ನೀರಿಲ್ಲದಿದ್ದರೆ ಅಮೋನಿಯಾ ಕಟ್ಟಿಹಾಕುವ ದ್ರಾವಣ ಹಾಕಿ. ಇಂಥ ದ್ರಾವಣಗಳು ನೀರಿನ ಆಮ್ಲಜನಕವನ್ನೂ ತುಸು ತಿನ್ನಬಹುದು, ಏರ್ ಪಂಪ್ ಓಡುತ್ತಿರಲಿ. ಇವನ್ನು ಹಾಕಿದ ಮೇಲೆ ನೆಸ್ಲರ್ ಬಗೆಯ ಕಿಟ್‌ಗಳು ತಪ್ಪು ಅಂಕಿ ತೋರಿಸುವುದರಿಂದ ಸ್ಯಾಲಿಸಿಲೇಟ್ ಬಗೆಯ ಕಿಟ್ಟನ್ನೇ ಬಳಸಿ.

ನೀರು ಬದಲಿಸಿದರೆ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತದೆಂಬ ಭಯ ಬೇಡ. ಅವುಗಳ ಮನೆ ಕಲ್ಲು, ಮರಳು ಮತ್ತು ಫಿಲ್ಟರ್, ತೇಲುತ್ತಿರುವವು ಕಡಿಮೆ. ಅದಕ್ಕೇ ಈ ಹೊತ್ತಿನಲ್ಲಿ ಫಿಲ್ಟರನ್ನು ನಲ್ಲಿ ನೀರಿನಲ್ಲಿ ತೊಳೆಯಬಾರದು, ಮರಳನ್ನು ಕೆದಕಬಾರದು. ಹಳೆಯ ಆಳವಾದ ಮರಳಿನ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರಬಹುದು.

ಗಾಜು ಬಿರಿದು ಟ್ಯಾಂಕನ್ನೇ ಖಾಲಿ ಮಾಡಬೇಕಾದರೆ ಹಳೆಯ ನೀರನ್ನು ಆದಷ್ಟು ಡ್ರಮ್ಮಿನಲ್ಲಿ ಹಿಡಿದಿಡಿ, ಕಲ್ಲುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಅಥವಾ ಅದರಲ್ಲಿ ಅದ್ದಿದ ಬಟ್ಟೆ ಹೊದಿಸಿ. 2022ರ ಡಿಸೆಂಬರ್ 16ರಂದು ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ ಹತ್ತು ಲಕ್ಷ ಲೀಟರಿನ ಆಕ್ವಾಡೋಮ್ ಒಡೆದಾಗ ದೊಡ್ಡ ಕೊಳವೆಯಲ್ಲಿದ್ದ ಸುಮಾರು 1500 ಮೀನುಗಳಲ್ಲಿ ಬಹುತೇಕ ಎಲ್ಲವೂ ಹೋದವು. ನೆಲಮಾಳಿಗೆಯ ಬೇರೆ ತೊಟ್ಟಿಗಳಲ್ಲಿದ್ದ ನೂರಾರು ಸಣ್ಣ ಮೀನುಗಳನ್ನು ಸಾಗಿಸಿ ಉಳಿಸಿಕೊಂಡರು. ಮನೆಯಲ್ಲೂ ಒಂದು ಖಾಲಿ ಪ್ಲಾಸ್ಟಿಕ್ ಡ್ರಮ್ ಇರಲಿ ಎನ್ನುವುದು ಇದಕ್ಕೇ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಸತ್ತ ಜೀವಿಗಳಿರುವ ಕಲ್ಲನ್ನು ಶುದ್ಧ ಮಾಡಲು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಬ್ರಷ್ಷಿನಿಂದ ತಿಕ್ಕಬೇಡಿ. ಗುಂಡಿಯಂತೆ ಗುಂಪಾಗಿ ಬೆಳೆಯುವ ಜೋಯಾಂಥಿಡ್, ಪ್ಯಾಲಿಥೋವಾಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವನ್ನು ಇಟ್ಟುಕೊಂಡಿರುತ್ತವೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಆವಿಯಾಗಿ ಮೂಗಿಗೆ ಹೋದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾದೀತು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಟ್ಯಾಂಕ್ ಶುಚಿಮಾಡಲು ಹವಳ ಹೊರತೆಗೆದ ಮನೆಯೊಂದರಲ್ಲಿ ಹಾಗೆಯೇ ಆಯಿತು. ಕೈಗವಸು, ಕನ್ನಡಕ ಹಾಕಿಕೊಂಡು, ಕಲ್ಲನ್ನು ನೀರೊಳಗೇ ಇಟ್ಟು ಕೆಲಸ ಮಾಡಿ. ಕೈಯಲ್ಲಿ ಗಾಯವಿದ್ದರೆ ಗವಸಿಲ್ಲದೆ ಟ್ಯಾಂಕಿಗೆ ಕೈ ಹಾಕಲೇಬೇಡಿ.

ಆಮೇಲಿನ ವಾರಗಳು

ನೀರಿನ ಅಂಕಿಗಳು ಸರಿಹೋದವು ಎಂದು ಮರುದಿನವೇ ಅಂಗಡಿಗೆ ಓಡಬೇಡಿ. ಬಳಲಿದ ಮೀನುಗಳಲ್ಲಿ ಒಂದೆರಡು ವಾರದೊಳಗೆ ಬಿಳಿ ಚುಕ್ಕೆ ಕಾಣಿಸಿಕೊಳ್ಳಬಹುದು. ಅದಕ್ಕೆ ಕೊಡುವ ತಾಮ್ರದ ಔಷಧವನ್ನು ಬೇರೆ ಟ್ಯಾಂಕಿನಲ್ಲಿ ಮಾತ್ರ ಬಳಸಬೇಕು. ಮುಖ್ಯ ಟ್ಯಾಂಕಿಗೆ ಹಾಕಿದರೆ ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ, ಸೀಗಡಿ ಹವಳಗಳು ಸಾಯುತ್ತವೆ. ಎಲ್ಲ ಸತ್ತು ಹೊಸದಾಗಿ ಶುರುಮಾಡುವವರು ಟ್ಯಾಂಕಿಗೆ ಅಮೋನಿಯಂ ಕ್ಲೋರೈಡ್ ಹಾಕಿ 2 ಪಿಪಿಎಂ ಮಾಡಿ, ಅದು ಒಂದು ದಿನದೊಳಗೆ ಸೊನ್ನೆಗೆ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ಇನ್ನೂ ಕಾಯಬೇಕು. ನಾಲ್ಕರಿಂದ ಆರು ವಾರ ಹಿಡಿಯುವುದು ಸಾಮಾನ್ಯ.

ಈ ಬಿಡುವಿನಲ್ಲಿ ಟ್ಯಾಂಕಿನ ಏರ್ಪಾಡನ್ನು ಸರಿಪಡಿಸಿಕೊಳ್ಳಬಹುದು. ಟಾಪ್-ಆಫ್ ನೀರಿನ ಡಬ್ಬ 40 ಲೀಟರಿನ ಬದಲು 10 ಲೀಟರಿನದಾಗಿದ್ದರೆ ಅಷ್ಟೂ ಸುರಿದರೂ ಉಪ್ಪು 33ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ದೊಡ್ಡ ಹೀಟರಿನ ಬದಲು ಎರಡು ಸಣ್ಣವು ಇಟ್ಟರೆ ಒಂದು ಅಂಟಿಕೊಂಡರೂ ನೀರು ಕಾಯುವುದು ನಿಧಾನ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ರಿಟರ್ನ್ ಪಂಪ್ ನಿಲ್ಲಿಸಿ, ಮೇಲಿನಿಂದ ಇಳಿದ ನೀರೆಲ್ಲ ಕೆಳಗಿನ ಸಂಪಿನಲ್ಲಿ ಹಿಡಿಸುತ್ತದೆಯೇ ಎಂದು ನೀವಿದ್ದಾಗಲೇ ನೋಡಿಕೊಳ್ಳಿ. ಕಲಸಿದ ಉಪ್ಪುನೀರು, ಕಾರ್ಬನ್, ಬ್ಯಾಟರಿ ಏರ್ ಪಂಪ್ ಈ ಮೂರೂ ಮನೆಯಲ್ಲಿ ಸದಾ ಇರಲಿ. ನನ್ನ ಕೇಳಿದರೆ ಹೊಸ ಮೀನಿನ ದುಡ್ಡಿನಲ್ಲಿ ಮೊದಲು ಕೊಳ್ಳಬೇಕಾದದ್ದು ಇವೇ.

ಮತ್ತೆ ತುಂಬಿಸುವಾಗ ರಾಮೇಶ್ವರದ ಕಡೆಯದೆಂದು ಹೇಳಿ ಮಾರುವ ಹವಳದ ಕಲ್ಲಿನ ಆಸೆಗೆ ಬೀಳಬೇಡಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಿಮೆಂಟು ಅಥವಾ ಸೆರಾಮಿಕ್ಕಿನ ಕೃತಕ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಅಷ್ಟೇ ಚೆನ್ನಾಗಿ ನೆಲೆಯೂರುತ್ತದೆ. ಕ್ಲೌನ್ ಮೀನುಗಳನ್ನು ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನು ಟ್ಯಾಂಕಿಗೆ ಬೇಗ ಹೊಂದಿಕೊಳ್ಳುತ್ತದೆ, ಅದನ್ನೇ ಕೇಳಿ ಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಈ ಸಹವಾಸವೇ ಬೇಡ ಎನಿಸಿದರೆ ಅದೂ ತಪ್ಪಲ್ಲ. ಆದರೆ ಉಳಿದ ಮೀನು, ಅನಿಮೋನ್, ಕಲ್ಲುಗಳನ್ನು ಸಮುದ್ರಕ್ಕೋ ಕೆರೆಗೋ ಹೊಳೆಗೋ ಬಿಡಬೇಡಿ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಸಿಂಹಮೀನು 1985ರಲ್ಲಿ ಫ್ಲೋರಿಡಾ ತೀರದಲ್ಲಿ ಕಾಣಿಸಿಕೊಂಡು, ಕೆರಿಬಿಯನ್ ತುಂಬ ಹರಡಿ ಅಲ್ಲಿನ ಮೀನುಮರಿಗಳನ್ನು ತಿಂದು ಹಾಕುತ್ತಿದೆ; ಅದರ ಮೂಲ ಸಾಕಿದವರು ಬಿಟ್ಟ ಮೀನುಗಳೆಂದೇ ತಜ್ಞರ ನಂಬಿಕೆ. ಇನ್ನೊಬ್ಬ ಸಾಕುವವರಿಗೆ ಕೊಡಿ, ಅಥವಾ ಕೊಂಡ ಅಂಗಡಿಯಲ್ಲೇ ವಾಪಸು ತೆಗೆದುಕೊಳ್ಳುತ್ತಾರೆಯೇ ಕೇಳಿ.